ಕಪ್ಪು ಪರದೆಯಲ್ಲಿ ಅಂತರ್ಜಾಲದ ಹುಡುಕಾಟ

ನೀವು ಕೊನೆಯ ಬಾರಿ ಅಂತರ್ಜಾಲದಲ್ಲಿ ಏನನ್ನು ಹುಡುಕಿದಿರಿ? ಮಗುವಿನ ಕೆಮ್ಮಿಗೆ ಏನು ಮಾಡಬೇಕೆಂದೋ, ಮಗಳ ಪರೀಕ್ಷೆಯ ಫಲಿತಾಂಶ ಯಾವಾಗ ಎಂದೋ, ಊರಿಗೆ ಹೊರಡುವ ರೈಲಿನ ಸಮಯ ಎಷ್ಟೆಂದೋ ಹುಡುಕಿರಬಹುದು. ಹುಡುಕಲು ಕುಳಿತದ್ದು ಇಷ್ಟು ಸಣ್ಣ ವಿಷಯ. ಆದರೆ ಪರದೆ ತೆರೆದಾಕ್ಷಣ ಎದುರಾಗುವುದೇನು? ಬಟ್ಟೆಯಂಗಡಿಯ ಜಾಹೀರಾತು, ತಾನಾಗಿಯೇ ಓಡತೊಡಗುವ ವೀಡಿಯೊ, 'ಒಪ್ಪಿಗೆ ಕೊಡಿ' ಎಂದು ಅಡ್ಡಬರುವ ಪೆಟ್ಟಿಗೆ, ಯಾವುದೋ ನಟಿಯ ಮದುವೆ ಸುದ್ದಿ. ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತದೆ. ಅರ್ಧ ಗಂಟೆ ಕಳೆದ ಮೇಲೆ ನೋಡಿದರೆ ನಾವು ಏನನ್ನು ಹುಡುಕಲು ಬಂದಿದ್ದೆವೆಂಬುದೇ ಮರೆತು ಹೋಗಿರುತ್ತದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿರುತ್ತದೆ.

ದೊಡ್ಡವರಾದ ನಮ್ಮ ಗತಿಯೇ ಹೀಗಾದರೆ ಓದಲೆಂದು ಕಂಪ್ಯೂಟರ್ ಮುಂದೆ ಕುಳಿತ ಮಕ್ಕಳ ಗತಿ ಏನು? ಇದು ಇಂದು ಪ್ರತಿಯೊಂದು ಮನೆಯ ಪ್ರಶ್ನೆಯಾಗಿದೆ. ಅಂತರ್ಜಾಲವೇ ಬೇಡ ಎಂದು ಬಾಗಿಲು ಮುಚ್ಚುವುದು ಉತ್ತರವಲ್ಲ. ಮುಚ್ಚಿದರೂ ಅದು ಮೊಬೈಲಿನ ಮೂಲಕ ಒಳಗೆ ಬಂದೇ ಬರುತ್ತದೆ. ಹಾಗಾದರೆ ಬೇಕಾದದ್ದನ್ನು ಮಾತ್ರ ತೆಗೆದುಕೊಂಡು ಹೊರಬರುವ ದಾರಿ ಇದೆಯೇ? ಇದೆ. ಅದು ಬಹಳ ಹಳೆಯ ದಾರಿ. ಹೆಚ್ಚಿನವರು ಮರೆತಿದ್ದಾರೆ, ಅಷ್ಟೇ. ಟರ್ಮಿನಲ್ ಮೂಲಕ ಅಂತರ್ಜಾಲವನ್ನು ಹುಡುಕುವ ಆ ವಿಧಾನದ ಬಗ್ಗೆ ಈ ಬಾರಿ ತಿಳಿಯೋಣ.

ಟರ್ಮಿನಲ್ ಎಂದರೇನು?

ಕಂಪ್ಯೂಟರಿಗೆ ನಾವು ಎರಡು ರೀತಿಯಲ್ಲಿ ಕೆಲಸ ಹೇಳಬಹುದು. ಒಂದು, ಚಿತ್ರಗಳ ಮೇಲೆ ಮೌಸ್ ಒತ್ತಿ ಹೇಳುವುದು. ನಮಗೆಲ್ಲ ಪರಿಚಿತವಾದದ್ದು ಇದೇ. ಇನ್ನೊಂದು, ಅಕ್ಷರಗಳಲ್ಲಿ ಆಜ್ಞೆಯನ್ನು ಬರೆದು ಹೇಳುವುದು. ಕಪ್ಪು ಪರದೆ, ಅದರಲ್ಲಿ ಮಿನುಗುವ ಒಂದು ಸಣ್ಣ ಗೆರೆ. ಅಲ್ಲಿ ಒಂದು ಪದವನ್ನು ಬರೆದು ಎಂಟರ್ ಒತ್ತಿದರೆ ಕೆಲಸ ನಡೆಯುತ್ತದೆ. ಈ ಪರದೆಯನ್ನೇ ಟರ್ಮಿನಲ್ ಅಥವಾ ಕಮಾಂಡ್ ಲೈನ್ ಎನ್ನುತ್ತಾರೆ. ಸಿನಿಮಾಗಳಲ್ಲಿ ಕಳ್ಳತನ ಮಾಡುವ ಹ್ಯಾಕರ್‌ಗಳ ಮುಂದೆ ಇದನ್ನು ತೋರಿಸಿ ತೋರಿಸಿ ಜನರಲ್ಲಿ ಒಂದು ಭಯ ಹುಟ್ಟಿಸಲಾಗಿದೆ. ವಾಸ್ತವದಲ್ಲಿ ಅದರಲ್ಲಿ ಭಯಪಡುವಂತಹದ್ದೇನೂ ಇಲ್ಲ. ಪತ್ರ ಬರೆಯಬಲ್ಲ ಯಾರಿಗೂ ಅದು ಕಷ್ಟವಲ್ಲ.

ಈ ಪರದೆಯಲ್ಲಿ ಅಂತರ್ಜಾಲವನ್ನು ತೆರೆದರೆ ಪುಟದಲ್ಲಿರುವ ಬರಹ ಮಾತ್ರ ಕಾಣಿಸುತ್ತದೆ. ಚಿತ್ರವಿಲ್ಲ, ವೀಡಿಯೊ ಇಲ್ಲ, ಕುಣಿಯುವ ಜಾಹೀರಾತು ಇಲ್ಲ. ಒಂದು ಪುಸ್ತಕದ ಹಾಳೆಯಂತೆ ಸಾಲು ಸಾಲಾಗಿ ಅಕ್ಷರಗಳು ಮಾತ್ರ.

ಆರಂಭವೇ ಹೀಗಿತ್ತು

ಇದು ಯಾರೋ ಹವ್ಯಾಸಿಗಳು ಹೊಸದಾಗಿ ಕಂಡುಹಿಡಿದ ವಿಷಯವೆಂದು ತಿಳಿಯಬೇಡಿ. ಅಂತರ್ಜಾಲದ ಹುಡುಕಾಟ ಆರಂಭವಾದದ್ದೇ ಅಕ್ಷರಗಳ ಪರದೆಯಲ್ಲಿ. 1990ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಅಲನ್ ಎಮ್ಟೇಜ್ ಎಂಬ ಯುವಕ 'ಆರ್ಚೀ' ಎಂಬ ಹುಡುಕು ಯಂತ್ರವನ್ನು ರೂಪಿಸಿದರು. ಅವರು ಬಾರ್ಬಡೋಸ್ ಎಂಬ ಪುಟ್ಟ ದ್ವೀಪ ರಾಷ್ಟ್ರದವರು. ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿರುವ ಕಡತಗಳ ಹೆಸರುಗಳನ್ನು ಒಂದೆಡೆ ಪಟ್ಟಿ ಮಾಡಿ, ಕೇಳಿದ ಹೆಸರು ಎಲ್ಲಿದೆ ಎಂದು ಹೇಳುವುದು ಅದರ ಕೆಲಸವಾಗಿತ್ತು. ಗೂಗಲ್ ಕಂಪೆನಿ ಸ್ಥಾಪನೆಯಾಗುವುದಕ್ಕೆ ಎಂಟು ವರ್ಷ ಮೊದಲಿನ ಮಾತಿದು.

ಅದೇ ಕಾಲದಲ್ಲಿ ಸ್ವಿಟ್ಝರ್‌ಲ್ಯಾಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ವರ್ಲ್ಡ್ ವೈಡ್ ವೆಬ್ ಅನ್ನು ರೂಪಿಸಿದರು. ಆದರೆ ಅವರು ಬರೆದ ಮೊದಲ ಬ್ರೌಸರ್ ನೆಕ್ಸ್ಟ್ ಎಂಬ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತಿತ್ತು. ಅದು ಎಷ್ಟು ಜನರ ಬಳಿ ಇರಲು ಸಾಧ್ಯ? ಈ ತೊಡಕನ್ನು ನಿವಾರಿಸಿದ್ದು ಒಬ್ಬ ವಿದ್ಯಾರ್ಥಿನಿ. ನಿಕೋಲಾ ಪೆಲ್ಲೊ ಎಂಬ ಹೆಸರಿನ ಆಕೆ ಇಂಗ್ಲೆಂಡಿನಲ್ಲಿ ಗಣಿತ ಓದುತ್ತಿದ್ದರು. 1990ರಲ್ಲಿ ತರಬೇತಿಗಾಗಿ ಸರ್ನ್‌ಗೆ ಬಂದ ಅವರು ಯಾವುದೇ ಸಾಧಾರಣ ಕಂಪ್ಯೂಟರಿನ ಅಕ್ಷರದ ಪರದೆಯಲ್ಲಿ ನಡೆಯುವ ಬ್ರೌಸರೊಂದನ್ನು ಬರೆದರು. ಅದರಲ್ಲಿ ಪ್ರತಿಯೊಂದು ಕೊಂಡಿಯ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತಿತ್ತು. ಸಂಖ್ಯೆ ಬರೆದು ಎಂಟರ್ ಒತ್ತಿದರೆ ಆ ಪುಟ ತೆರೆದುಕೊಳ್ಳುತ್ತಿತ್ತು. ಸರ್ನ್‌ನ ಹೊರಗಿದ್ದ ಅನೇಕರು ವೆಬ್ ಎಂಬುದನ್ನು ಮೊದಲು ನೋಡಿದ್ದು ಅದರ ಮೂಲಕ. ಕಂಪ್ಯೂಟರ್ ಹೆಣ್ಣು ಮಕ್ಕಳಿಗೆ ಹೇಳಿದ್ದಲ್ಲ ಎನ್ನುವವರು ಈ ಹೆಸರನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ದೇಶದಲ್ಲೂ ಇದಕ್ಕೊಂದು ಇತಿಹಾಸವಿದೆ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ಆರಂಭಿಸಿತು. ಚಿತ್ರಸಹಿತ ಸಂಪರ್ಕ ದುಬಾರಿಯಾಗಿತ್ತು. ಕಡಿಮೆ ದರದ 'ಶೆಲ್ ಅಕೌಂಟ್'ನಲ್ಲಿ ಅಕ್ಷರಗಳು ಮಾತ್ರ ಬರುತ್ತಿದ್ದವು. ಆ ದಿನಗಳ ಅನೇಕ ವಿದ್ಯಾರ್ಥಿಗಳು ಅಂತರ್ಜಾಲ ಕಲಿತದ್ದು ಈ ಕಪ್ಪು ಪರದೆಯಲ್ಲೇ.

ಲಿಂಕ್ಸ್ ಎಂಬ ಹಳೆಯ ಗೆಳತಿ

ಅಕ್ಷರದ ಬ್ರೌಸರ್‌ಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಲಿಂಕ್ಸ್. ಇದು ಕಾಡುಬೆಕ್ಕಿನ ಜಾತಿಯ ಒಂದು ಪ್ರಾಣಿಯ ಹೆಸರು. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬೇರೆ, ಈ ಲಿಂಕ್ಸ್ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. 1992ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಕ್ಯಾಂಪಸ್ಸಿನ ಮಾಹಿತಿಗಳನ್ನು ಹಂಚಲಿಕ್ಕಾಗಿ ಇದನ್ನು ತಯಾರಿಸಿದರು. ಆ ಕಾಲದ ಬೇರೆಲ್ಲ ಬ್ರೌಸರ್‌ಗಳು ಕಣ್ಮರೆಯಾದರೂ ಇದು ಇಂದಿಗೂ ಬಳಕೆಯಲ್ಲಿದೆ, ಸುಧಾರಣೆಯೂ ನಡೆಯುತ್ತಿದೆ. ಜಪಾನಿನ ಡಬ್ಲ್ಯು3ಎಂ ಇನ್ನೊಂದು ಅಕ್ಷರದ ಬ್ರೌಸರ್. ಕೋಷ್ಟಕಗಳಿರುವ ಪುಟಗಳನ್ನು ಅದು ಹೆಚ್ಚು ಅಚ್ಚುಕಟ್ಟಾಗಿ ತೋರಿಸುತ್ತದೆ.

ಲಿಂಕ್ಸ್‌ನ ಒಂದು ಗುಣ ನನಗೆ ಬಹಳ ಇಷ್ಟ. ನಾವು ಭೇಟಿ ಕೊಡುವ ತಾಣಗಳು ನಮ್ಮ ಕಂಪ್ಯೂಟರಿನಲ್ಲಿ 'ಕುಕೀ' ಎಂಬ ಸಣ್ಣ ಗುರುತು ಚೀಟಿಯನ್ನು ಇಟ್ಟು ಹೋಗುತ್ತವೆ. ಮುಂದಿನ ಬಾರಿ ನಾವು ಹೋದಾಗ 'ಓ, ಇವರೇ' ಎಂದು ಗುರುತಿಸುವುದಕ್ಕಾಗಿ. ಈ ಚೀಟಿಗಳಿಂದಲೇ ಜಾಹೀರಾತಿನವರು ನಮ್ಮನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸಲು ಕಲಿತರು. ಲಿಂಕ್ಸ್ ಸಾಮಾನ್ಯವಾಗಿ ಪ್ರತಿಯೊಂದು ಚೀಟಿ ಬಂದಾಗಲೂ ನಮ್ಮನ್ನು ಕೇಳುತ್ತದೆ: ಒಳಗೆ ಬಿಡಲೇ, ಬೇಡವೇ, ಈ ತಾಣಕ್ಕೆ ಯಾವಾಗಲೂ ಬಿಡಲೇ, ಎಂದೂ ಬೇಡವೇ? ಬಾಗಿಲು ತಟ್ಟಿದವರು ಯಾರೆಂದು ಕೇಳಿ ಆಮೇಲೆ ಚಿಲಕ ತೆಗೆಯುವ ಮನೆಯೊಡತಿಯ ಹಾಗೆ. ಸ್ವಾರಸ್ಯವೇನೆಂದರೆ, ಲಿಂಕ್ಸ್ ತಯಾರಿಸಿದವರಲ್ಲಿ ಒಬ್ಬರಾದ ಲೂ ಮೊಂಟುಲಿ ಅವರೇ ಮುಂದೆ 1994ರಲ್ಲಿ ನೆಟ್‌ಸ್ಕೇಪ್ ಕಂಪೆನಿಯಲ್ಲಿದ್ದಾಗ ಈ ಕುಕೀಯನ್ನೂ ಕಂಡುಹಿಡಿದರು.

ಮನೆಯಲ್ಲಿ ಆರಂಭಿಸುವುದು ಹೇಗೆ?

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಂಪ್ಯೂಟರೊಂದು ಧೂಳು ತಿನ್ನುತ್ತಿದೆಯೇ? ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹೊಸ ವಿಂಡೋಸ್ ಹಾಕಲಾಗದೆ ಎಷ್ಟೋ ಯಂತ್ರಗಳು ಮೂಲೆ ಸೇರಿವೆ. ಅವುಗಳಲ್ಲಿ ಹೆಚ್ಚಿನವುಗಳಿಗೆ ಡೆಬಿಯನ್‌ನಂತಹ ಉಚಿತ ಲಿನಕ್ಸ್ ಹಾಕಬಹುದು. ಕಂಪ್ಯೂಟರ್ ಓದುತ್ತಿರುವ ಮಗನೋ ತಮ್ಮನೋ ಮನೆಯಲ್ಲಿದ್ದರೆ ಒಂದು ಸಂಜೆಯ ಕೆಲಸ ಅಷ್ಟೇ. ಹಳೆಯದರಲ್ಲಿರುವ ಫೋಟೊ, ದಾಖಲೆಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಲು ಮರೆಯಬೇಡಿ. ವಿಂಡೋಸ್ ಇರುವ ಹೊಸ ಕಂಪ್ಯೂಟರಿನಲ್ಲೂ ಅದರೊಳಗೇ ಲಿನಕ್ಸ್ ನಡೆಸುವ ಸೌಲಭ್ಯವಿದೆ. ಆಂಡ್ರಾಯ್ಡ್ ಮೊಬೈಲಿನಲ್ಲಾದರೆ ಟರ್ಮಕ್ಸ್ ಎಂಬ ಉಚಿತ ಆ್ಯಪ್ ಸಾಕು.

ಡೆಬಿಯನ್‌ನ ಟರ್ಮಿನಲ್ ತೆರೆದು 'ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಲಿಂಕ್ಸ್' ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದರೆ ಲಿಂಕ್ಸ್ ಬಂದು ಕೂರುತ್ತದೆ. ಲಿಂಕ್ಸ್ ಎಂಬುದಕ್ಕೆ ಎಲ್, ವೈ, ಎನ್, ಎಕ್ಸ್ ಎಂಬ ನಾಲ್ಕು ಅಕ್ಷರ. ಬಳಿಕ ಲಿಂಕ್ಸ್ ಎಂದು ಬರೆದು, ಒಂದು ಜಾಗ ಬಿಟ್ಟು, ತಾಣದ ವಿಳಾಸ ಬರೆದರಾಯಿತು. ಮೇಲಿನ ಮತ್ತು ಕೆಳಗಿನ ಬಾಣದ ಕೀಲಿಗಳಿಂದ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹೋಗಬಹುದು. ಬಲ ಬಾಣ ಒತ್ತಿದರೆ ಪುಟ ತೆರೆಯುತ್ತದೆ, ಎಡ ಬಾಣ ಒತ್ತಿದರೆ ಹಿಂದಕ್ಕೆ ಬರುತ್ತದೆ. ಹೊಸ ವಿಳಾಸಕ್ಕೆ ಜಿ, ಹೊರಬರಲು ಕ್ಯೂ. ಇಷ್ಟು ಕಲಿತರೆ ಅರ್ಧ ಕಲಿತಂತೆ.

ಇನ್ನು ಹುಡುಕುವುದು ಎಲ್ಲಿ? ಗೂಗಲ್ 2025ರ ಜನವರಿಯಿಂದ ಜಾವಾಸ್ಕ್ರಿಪ್ಟ್ ಇಲ್ಲದ ಬ್ರೌಸರ್‌ಗಳಿಗೆ ಹುಡುಕಾಟದ ಬಾಗಿಲನ್ನು ಮುಚ್ಚಿದೆ. ಜಾವಾಸ್ಕ್ರಿಪ್ಟ್ ಎಂದರೆ ಪುಟದೊಳಗೆ ಅಡಗಿ ಕುಳಿತು ಕೆಲಸ ಮಾಡುವ ಸಣ್ಣ ಕಾರ್ಯಕ್ರಮಗಳು. ಲಿಂಕ್ಸ್ ಅವುಗಳನ್ನು ನಡೆಸುವುದಿಲ್ಲ. ಆದ್ದರಿಂದ ಡಕ್‌ಡಕ್‌ಗೋ ಎಂಬ ಹುಡುಕು ಯಂತ್ರದ 'ಲೈಟ್' ಎಂಬ ಸರಳ ಪುಟವನ್ನು ಬಳಸುವುದು ಸೂಕ್ತ. 2008ರಲ್ಲಿ ಆರಂಭವಾದ ಈ ತಾಣವು ನಾವು ಏನನ್ನು ಹುಡುಕಿದೆವೆಂಬ ಇತಿಹಾಸವನ್ನು ಇಟ್ಟುಕೊಳ್ಳುವುದಿಲ್ಲವೆಂದು ಹೇಳುತ್ತದೆ. ಇನ್ನೂ ಸುಲಭವಾಗಬೇಕಿದ್ದರೆ ಡಿಡಿಜಿಆರ್ ಎಂಬ ಸಣ್ಣ ಸಾಧನವಿದೆ. ಆ ನಾಲ್ಕು ಅಕ್ಷರ ಬರೆದು ಮುಂದೆ ನಿಮ್ಮ ಪ್ರಶ್ನೆಯನ್ನು ಬರೆದರೆ ಹತ್ತು ಉತ್ತರಗಳು ಒಂದರ ಕೆಳಗೊಂದು ಬರುತ್ತವೆ. ಬೇಕಾದದ್ದರ ಸಂಖ್ಯೆ ಒತ್ತಿದರೆ ಪುಟ ತೆರೆಯುತ್ತದೆ.

ಯಾವ ಪದ ಬರೆಯಬೇಕು?

ಸಾಧನ ಯಾವುದೇ ಇರಲಿ, ಪ್ರಶ್ನೆ ಸರಿಯಿಲ್ಲದಿದ್ದರೆ ಉತ್ತರವೂ ಸರಿಯಿರುವುದಿಲ್ಲ. ಮದ್ರಸದಲ್ಲಿ ಅರಬಿ ನಿಘಂಟು ನೋಡಲು ಕಲಿಸುವಾಗ ಮಕ್ಕಳು ಮೊದಮೊದಲು ತಡವರಿಸುತ್ತಾರೆ. 'ಮಕ್ತಬ್' ಎಂಬ ಪದವನ್ನು 'ಮೀಮ್' ಅಕ್ಷರದಡಿ ಹುಡುಕಿ, ಸಿಗಲಿಲ್ಲವೆಂದು ಪುಸ್ತಕ ಮುಚ್ಚುತ್ತಾರೆ. ಕಾಫ್, ತಾ, ಬಾ ಎಂಬ ಮೂರು ಅಕ್ಷರಗಳ ಧಾತುವಿನಡಿ ನೋಡಬೇಕೆಂದು ತಿಳಿದ ಮೇಲೆ ಕಿತಾಬ್, ಕಾತಿಬ್, ಮಕ್ತಬ್, ಮಕ್ತೂಬ್ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಎಂಟನೆಯ ಶತಮಾನದಲ್ಲಿ ಮೊದಲ ಅರಬಿ ನಿಘಂಟನ್ನು ರಚಿಸಿದ ಖಲೀಲ್ ಬಿನ್ ಅಹ್ಮದ್ ಅವರು ಅಕ್ಷರಗಳನ್ನು ಅವು ಬಾಯಿಯಲ್ಲಿ ಹುಟ್ಟುವ ಸ್ಥಾನಕ್ಕನುಸಾರ ಗಂಟಲಿನಿಂದ ತುಟಿಯ ಕಡೆಗೆ ಜೋಡಿಸಿದ್ದರು. ಆ ಕ್ರಮ ತಿಳಿಯದವನಿಗೆ ಅದರಲ್ಲಿ ಒಂದು ಪದವೂ ಸಿಗಲಾರದು.

ಅಂತರ್ಜಾಲದ ಹುಡುಕಾಟವೂ ಹಾಗೆಯೇ. ನಮ್ಮ ಪ್ರಶ್ನೆಯ ಧಾತು ಯಾವುದೆಂದು ಮೊದಲು ಯೋಚಿಸಬೇಕು. 'ನನ್ನ ಮಗುವಿಗೆ ಎರಡು ದಿನದಿಂದ ಜ್ವರ, ಏನು ಮಾಡಲಿ' ಎಂದು ಉದ್ದಕ್ಕೆ ಬರೆಯುವುದಕ್ಕಿಂತ ವಯಸ್ಸು, ಜ್ವರ, ಆರೈಕೆ ಎಂಬ ಪದಗಳೇ ಸಾಕು. ಜೊತೆಗೆ ಬಂದಿರುವ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಬರೆದರೆ ಅದೇ ಕ್ರಮದಲ್ಲಿ ಆ ಪದಗಳಿರುವ ಪುಟಗಳಿಗೆ ಆದ್ಯತೆ ಸಿಗುತ್ತದೆ. ಸೈಟ್ ಎಂದು ಬರೆದು ಕೋಲನ್ ಹಾಕಿ ತಾಣದ ಹೆಸರು ಬರೆದರೆ ಆ ತಾಣದೊಳಗೆ ಮಾತ್ರ ಹುಡುಕುತ್ತದೆ. ಟರ್ಮಿನಲ್ ಪರದೆಯಲ್ಲಿ ಅರ್ಧ ಬರೆಯುವಷ್ಟರಲ್ಲಿ 'ಇದನ್ನು ಹುಡುಕುತ್ತಿದ್ದೀರಾ?' ಎಂದು ಯಾರೂ ಬಾಯಿ ಹಾಕುವುದಿಲ್ಲ. ಏನು ಕೇಳಬೇಕೆಂಬುದನ್ನು ನಾವೇ ಯೋಚಿಸಿ ಬರೆಯಬೇಕು. ಮಕ್ಕಳಿಗೆ ಇದು ಒಳ್ಳೆಯ ಅಭ್ಯಾಸ.

ವಿದ್ಯಾರ್ಥಿವೇತನದ ಉದಾಹರಣೆ

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದ್ಯಾರ್ಥಿವೇತನದ ಬಗ್ಗೆ ಪ್ರತಿವರ್ಷ ತಾಯಂದಿರು ಹುಡುಕುತ್ತಾರೆ. ಸಿಗುವ ಪುಟಗಳಲ್ಲಿ ಎಷ್ಟೋ ಹಳೆಯವು. ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರವು 2022ರಲ್ಲಿ 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಿತು. 1ರಿಂದ 8ನೇ ತರಗತಿಯವರೆಗಿನ ಮಕ್ಕಳಿಗೆ ಅದು ನಿಂತುಹೋಯಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸಿದ್ದನ್ನೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ತಿಳಿಸಲಾಯಿತು. ಆದರೆ 'ಇಂದೇ ಅರ್ಜಿ ಹಾಕಿ' ಎನ್ನುವ ಹಳೆಯ ಪುಟಗಳು ಅಂತರ್ಜಾಲದಿಂದ ಅಳಿದು ಹೋಗುವುದಿಲ್ಲ. ಅದನ್ನು ನಂಬಿ ಐದನೇ ತರಗತಿಯ ಮಗುವಿಗಾಗಿ ಆದಾಯ ಪತ್ರ, ಜಾತಿ ಪತ್ರ ಎಂದು ಕಚೇರಿ ಅಲೆದು, ದಿನಗೂಲಿ ಕಳೆದುಕೊಂಡ ತಾಯಿಗೆ ಆ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ಅರ್ಜಿ ತುಂಬಿಸಿ ಕೊಡುತ್ತೇವೆಂದು ಹಣ ಕೇಳುವ ತಾಣಗಳು ಬೇರೆ.

ಡಿಡಿಜಿಆರ್‌ನಲ್ಲಿ ಇದಕ್ಕೆ ಎರಡು ಬೇಲಿ ಹಾಕಬಹುದು. ಅಡ್ಡಗೆರೆಯೊಂದಿಗೆ ಟಿ ಎಂದು ಬರೆದು, ಜಾಗ ಬಿಟ್ಟು ವೈ ಎಂದರೆ ಕಳೆದ ಒಂದು ವರ್ಷದ ಪುಟಗಳು ಮಾತ್ರ. ವೈ ಬದಲು ಎಂ ಎಂದರೆ ಒಂದು ತಿಂಗಳು, ಡಬ್ಲ್ಯು ಎಂದರೆ ಒಂದು ವಾರ. ಅಡ್ಡಗೆರೆಯೊಂದಿಗೆ ಡಬ್ಲ್ಯು ಎಂದು ಬರೆದು ಮುಂದೆ 'ಜಿಒವಿ ಡಾಟ್ ಐಎನ್' ಎಂದರೆ ನಮ್ಮ ಸರಕಾರದ ತಾಣಗಳು ಮಾತ್ರ. ಕೊನೆಯಲ್ಲಿ ಈ ಹೆಸರಿರುವ ವಿಳಾಸವನ್ನು ಸರಕಾರಿ ಸಂಸ್ಥೆಗಳಿಗಷ್ಟೇ ಕೊಡುತ್ತಾರೆ. ಮಧ್ಯವರ್ತಿಗಳ ಪುಟಗಳು ಒಮ್ಮೆಗೇ ಜರಡಿಯಿಂದ ಕೆಳಗೆ ಬೀಳುತ್ತವೆ. ಉಳಿದ ಹತ್ತು ಸಾಲುಗಳನ್ನು ನಿಧಾನವಾಗಿ ಓದಿ, ದಿನಾಂಕ ನೋಡಿ ನಿರ್ಧರಿಸಬಹುದು. ಅರ್ಜಿ ಹಾಕುವುದನ್ನು ಮಾತ್ರ ಸಾಮಾನ್ಯ ಬ್ರೌಸರಿನಲ್ಲಿ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲೇ ಮಾಡಬೇಕು.

ಖರ್ಚು ಕಡಿಮೆ

ಇನ್ನೊಂದು ಲಾಭ ಡೇಟಾದ್ದು. ಇಂದಿನ ಒಂದು ಸಾಮಾನ್ಯ ಜಾಲಪುಟ ತೆರೆಯಲು ಎರಡು ಮೆಗಾಬೈಟ್‌ಗಿಂತಲೂ ಹೆಚ್ಚು ಡೇಟಾ ಬೇಕಾಗುತ್ತದೆ. ನೀವೀಗ ಓದುತ್ತಿರುವ ಈ ಲೇಖನದ ಅಕ್ಷರಗಳಷ್ಟನ್ನೇ ಲೆಕ್ಕ ಹಾಕಿದರೆ ಐವತ್ತು ಕಿಲೋಬೈಟ್ ಆಸುಪಾಸು ಆದೀತು. ಅಂದರೆ ಒಂದು ಪುಟದ ಡೇಟಾದಲ್ಲಿ ಇಂತಹ ನಲ್ವತ್ತು ಲೇಖನಗಳನ್ನು ಓದಬಹುದು. ಸಿಗ್ನಲ್ ಸರಿಯಾಗಿ ಸಿಗದ ಮಲೆನಾಡಿನ ಹಳ್ಳಿಗಳಲ್ಲಿ, ತಿಂಗಳ ರೀಚಾರ್ಜ್ ಲೆಕ್ಕ ಹಾಕಿ ಬಳಸುವ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಕರ್ಲ್ ಎಂಬ ಇನ್ನೊಂದು ಸಾಧನದ ಕಥೆ ಗಲ್ಫ್‌ನಲ್ಲಿ ದುಡಿಯುವವರ ಮನೆಯವರಿಗೆ ಇಷ್ಟವಾದೀತು. ಇದು ಯಾವುದೇ ವಿಳಾಸದಿಂದ ಮಾಹಿತಿಯನ್ನು ಎಳೆದು ತಂದು ಪರದೆಯ ಮೇಲಿಡುತ್ತದೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬವರು 1996ರಲ್ಲಿ ಇದರ ಕೆಲಸ ಆರಂಭಿಸಿದ್ದು ಹಣದ ವಿನಿಮಯ ದರವನ್ನು ಪ್ರತಿದಿನ ತಾನಾಗಿ ತರಿಸಿಕೊಳ್ಳಲಿಕ್ಕಾಗಿ. 1998ರಲ್ಲಿ ಅದಕ್ಕೆ ಕರ್ಲ್ ಎಂಬ ಹೆಸರಾಯಿತು. ಇಂದು ಮೊಬೈಲು, ಟಿವಿ, ಕಾರುಗಳೊಳಗೂ ಈ ಪುಟ್ಟ ಸಾಧನ ಕೆಲಸ ಮಾಡುತ್ತಿದೆ.

ಕಣ್ಣು ಕಾಣದವರ ಓದು

ಅಕ್ಷರದ ಪರದೆಯನ್ನು ನಾವು ನೆಮ್ಮದಿಗಾಗಿ ಆರಿಸಿಕೊಳ್ಳಬಹುದು. ಕೆಲವರಿಗೆ ಅದು ಜ್ಞಾನದ ಬಾಗಿಲೇ ಆಯಿತು. ಟಿ.ವಿ. ರಾಮನ್ ಪುಣೆಯವರು. ಹದಿನಾಲ್ಕನೇ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿ ಪೂರ್ತಿ ಹೋಯಿತು. ಅವರು ಓದು ನಿಲ್ಲಿಸಲಿಲ್ಲ. ಮುಂಬೈ ಐಐಟಿಯಲ್ಲಿ ಕಲಿತು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ 1994ರಲ್ಲಿ ಡಾಕ್ಟರೇಟ್ ಪಡೆದರು. ಗಣಿತದ ಕಠಿಣ ಸೂತ್ರಗಳನ್ನು ಧ್ವನಿಯಲ್ಲಿ ಕೇಳಿಸುವ ವಿಧಾನವೇ ಅವರ ಸಂಶೋಧನೆಯ ವಿಷಯವಾಗಿತ್ತು. 1995ರಲ್ಲಿ ಈಮ್ಯಾಕ್‌ಸ್ಪೀಕ್ ಎಂಬ ಮಾತಾಡುವ ವ್ಯವಸ್ಥೆಯನ್ನು ರೂಪಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಮೌಸ್ ಇಲ್ಲದೆ, ಚಿತ್ರವಿಲ್ಲದೆ, ಕೀಲಿಮಣೆಯಿಂದಲೇ ಪತ್ರ ಬರೆಯಲು, ಅಂತರ್ಜಾಲದಲ್ಲಿ ಹುಡುಕಲು, ಸಿಕ್ಕಿದ್ದನ್ನು ಕಿವಿಯಿಂದ ಓದಲು ಅದರಲ್ಲಿ ಸಾಧ್ಯ. 2005ರಲ್ಲಿ ಅವರು ಗೂಗಲ್ ಸೇರಿದರು.

ಇಂದು ಸಾಮಾನ್ಯ ಬ್ರೌಸರ್‌ಗಳನ್ನೂ ಓದಿ ಹೇಳುವ ಎನ್‌ವಿಡಿಎ ಮುಂತಾದ ಉಚಿತ ತಂತ್ರಾಂಶಗಳಿವೆ. ಆದರೂ ಚಿತ್ರಗಳೇ ತುಂಬಿದ, ವಿವರಣೆ ಬರೆಯದ ಪುಟದ ಮುಂದೆ ಅವು ಮೂಕವಾಗುತ್ತವೆ. ನಮ್ಮ ಕುಟುಂಬಗಳಲ್ಲಿ ದೃಷ್ಟಿ ಕಡಿಮೆಯಿರುವ ಹೆಣ್ಣು ಮಗಳನ್ನು 'ಪಾಪ' ಎಂದು ಮೂಲೆಯಲ್ಲಿ ಕೂರಿಸುವ ರೂಢಿ ಇನ್ನೂ ಹೋಗಿಲ್ಲ. ಅವಳಿಗೆ ಬೇಕಾಗಿರುವುದು ಅನುಕಂಪವಲ್ಲ, ಒಂದು ಕೀಲಿಮಣೆ ಮತ್ತು ಕಲಿಸುವ ಒಬ್ಬರು.

ಮಿತಿಗಳೂ ಇವೆ

ಎಲ್ಲವೂ ಇದರಿಂದಲೇ ಸಾಧ್ಯ ಎಂದು ತಿಳಿಯಬಾರದು. ಬ್ಯಾಂಕಿನ ವ್ಯವಹಾರ, ರೈಲ್ವೆ ಟಿಕೆಟ್, ಅರ್ಜಿ ತುಂಬುವ ತಾಣಗಳು ಲಿಂಕ್ಸ್‌ನಲ್ಲಿ ತೆರೆಯುವುದಿಲ್ಲ ಅಥವಾ ಅರ್ಧಕ್ಕೆ ನಿಲ್ಲುತ್ತವೆ. ಕೆಲವೊಮ್ಮೆ ಹುಡುಕು ಯಂತ್ರವೂ ನಮ್ಮನ್ನು ಮನುಷ್ಯರಲ್ಲವೆಂದು ಅನುಮಾನಿಸಿ ತಡೆಯುವುದುಂಟು. ಕನ್ನಡದ ಸಮಸ್ಯೆಯೂ ಇದೆ. ಟರ್ಮಿನಲ್ ಪ್ರತಿಯೊಂದು ಅಕ್ಷರವನ್ನು ಸಮಾನ ಅಳತೆಯ ಚೌಕದೊಳಗೆ ಕೂರಿಸುತ್ತದೆ. ಇಂಗ್ಲಿಷಿಗೆ ಅದು ಸರಿ. ನಮ್ಮ ಒತ್ತಕ್ಷರ, ಗುಣಿತಾಕ್ಷರಗಳು ಆ ಚೌಕದಲ್ಲಿ ಹಿಡಿಸದೆ ಅನೇಕ ಟರ್ಮಿನಲ್‌ಗಳಲ್ಲಿ ಒಡೆದು ಕಾಣುತ್ತವೆ. ಕನ್ನಡ ವಿಕಿಪೀಡಿಯದಂತಹ ಪುಟಗಳಿಗೆ ಸಾಮಾನ್ಯ ಬ್ರೌಸರೇ ಉತ್ತಮ.

ಗೌಪ್ಯತೆಯ ಬಗ್ಗೆಯೂ ತಪ್ಪು ಭರವಸೆ ಬೇಡ. ಜಾಹೀರಾತಿನ ಬೇಹುಗಾರಿಕೆ ಬಹುಪಾಲು ಜಾವಾಸ್ಕ್ರಿಪ್ಟ್ ಮೂಲಕ ನಡೆಯುವುದರಿಂದ ಅದು ಇಲ್ಲಿ ತುಂಬಾ ಕಡಿಮೆಯಾಗುತ್ತದೆ. ಗರ್ಭ, ಮುಟ್ಟು, ಕಾಯಿಲೆಗಳ ಬಗ್ಗೆ ಒಮ್ಮೆ ಹುಡುಕಿದ್ದೇ ತಪ್ಪೆಂಬಂತೆ ಮನೆಯವರೆಲ್ಲರ ಮುಂದೆ ಅದೇ ಜಾಹೀರಾತು ಮೂಡುವ ಮುಜುಗರ ಇಲ್ಲವಾಗುತ್ತದೆ. ಆದರೆ ನಾವು ಯಾವ ತಾಣಕ್ಕೆ ಹೋದೆವೆಂಬುದು ಸಂಪರ್ಕ ಕೊಡುವ ಕಂಪೆನಿಗೆ ತಿಳಿಯಬಹುದು. ಕಪ್ಪು ಪರದೆ ಕಣ್ಣು ತಪ್ಪಿಸುವ ಪರದೆಯಲ್ಲ.

ಒಂದು ಎಚ್ಚರಿಕೆ ಬಹಳ ಮುಖ್ಯ. ಎಲ್ಲೋ ಕಂಡ, ಯಾರೋ ವಾಟ್ಸಾಪ್‌ನಲ್ಲಿ ಕಳುಹಿಸಿದ ಆಜ್ಞೆಯನ್ನು ಅರ್ಥ ತಿಳಿಯದೆ ಟರ್ಮಿನಲ್‌ನಲ್ಲಿ ಅಂಟಿಸಬೇಡಿ. ಅದರಲ್ಲೂ 'ಸುಡೊ' ಎಂದು ಆರಂಭವಾಗುವ ಆಜ್ಞೆ ಎಂದರೆ ಮನೆಯ ಎಲ್ಲ ಬೀಗದ ಕೈಗಳನ್ನು ಒಟ್ಟಿಗೆ ಕೊಟ್ಟಂತೆ. ಕಂಪ್ಯೂಟರ್ ಇಲ್ಲಿ ಹೇಳಿದ್ದನ್ನು ಮಾಡುತ್ತದೆ, 'ಹೌದೇ?' ಎಂದು ಎರಡನೇ ಬಾರಿ ಕೇಳುವುದು ಅಪರೂಪ. 'ಈ ಸಾಲನ್ನು ಅಂಟಿಸಿದರೆ ನಿಮ್ಮ ಕಂಪ್ಯೂಟರ್ ಸರಿಯಾಗುತ್ತದೆ' ಎಂದು ನಂಬಿಸಿ ವಂಚಿಸುವವರೂ ಇದ್ದಾರೆ.

ಓದುಗ ಸಹೋದರಿಯರೇ, ನಿಮ್ಮೆಲ್ಲರನ್ನೂ ಕಂಪ್ಯೂಟರ್ ತಜ್ಞೆಯರನ್ನಾಗಿ ಮಾಡುವುದು ಈ ಬರಹದ ಉದ್ದೇಶವಲ್ಲ. ವಾರದಲ್ಲಿ ಒಂದು ದಿನ, ಮಕ್ಕಳೊಂದಿಗೆ ಕುಳಿತು ಒಂದೇ ಒಂದು ಪ್ರಶ್ನೆಯನ್ನು ಹೀಗೆ ಹುಡುಕಿ ನೋಡಿ. ಪ್ರಶ್ನೆಯನ್ನು ಮೊದಲು ಒಂದು ಕಾಗದದಲ್ಲಿ ಬರೆಯಿರಿ. ಸಿಕ್ಕ ಉತ್ತರವನ್ನು ಯಾರು ಬರೆದರು, ಯಾವಾಗ ಬರೆದರು ಎಂದು ಮಕ್ಕಳಿಂದಲೇ ಹೇಳಿಸಿ. ಉತ್ತರವನ್ನೂ ಅದೇ ಕಾಗದದಲ್ಲಿ ಬರೆದು, ಕ್ಯೂ ಒತ್ತಿ ಎದ್ದುಬಿಡಿ. ಉಳಿದ ಸಮಯ ನಿಮ್ಮದು.